ಹಾವಿನ ನಡೆಯ ಕತ್ತಿಗಳು

ಫಿಲಿಪ್ಪೀನ್ ದ್ವೀಪಸ್ತೋಮದ ದಕ್ಷಿಣ ಭಾಗದಲ್ಲಿ, ಮಿಂಡನಾವೋ ಎಂಬ ದೊಡ್ಡ ದ್ವೀಪದಲ್ಲಿಯೂ ಅಲ್ಲಿಂದ ಬೋರ್ನಿಯೋ ಕಡೆಗೆ ಹರಿದ ಮಣಿಸರದಂತೆ ಚೆಲ್ಲಿಕೊಂಡಿರುವ ಸೂಲೂ ದ್ವೀಪಗಳಲ್ಲಿಯೂ ವಾಸಿಸುವ ಮುಸ್ಲಿಂ ಜನಾಂಗಗಳಿಗೆ ಒಟ್ಟಾಗಿ ಮೊರೋ ಎಂದು ಹೆಸರು. ಸ್ಪೇನಿನವರೊಡನೆ 300 ವರ್ಷಕ್ಕೂ ಮಿಕ್ಕಿ, ಆಮೇಲೆ ಅಮೆರಿಕದವರೊಡನೆ ಹತ್ತು ಹದಿನೈದು ವರ್ಷ ಕಾದಾಡಿದ ಜನ ಇವರು. ಇವರ ಕಮ್ಮಾರರು ಬಡಿದ ಕತ್ತಿಗಳು ಈಗ ಮ್ಯಾಡ್ರಿಡ್, ವಾಷಿಂಗ್‌ಟನ್, ಷಿಕಾಗೋ, ಮನಿಲಾ ನಗರಗಳ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಮಲಗಿವೆ. ಅದಕ್ಕಿಂತ ಎಷ್ಟೋ ಹೆಚ್ಚಿನವು ಖಾಸಗಿ ಮನೆಗಳ ಗೋಡೆಗಳಲ್ಲಿ ತೂಗುತ್ತಲೂ ಅಟ್ಟಗಳಲ್ಲಿ ತುಕ್ಕು ಹಿಡಿಯುತ್ತಲೂ ಇವೆ. ಹರಾಜಿನಲ್ಲಿ ಆಗಾಗ ಒಂದೊಂದು ಹೊರಬೀಳುತ್ತದೆ. ಬಲ್ಲವನು ಅದನ್ನು ಕೈಗೆತ್ತಿಕೊಂಡು, ಒರೆಯಿಂದ ಹಿರಿದು, ಹಿಡಿಯ ಬುಡವನ್ನು ಒಂದು ಕ್ಷಣ ದಿಟ್ಟಿಸಿ, ಇದು ಇಂಥ ಕಡೆಯದು, ಸುಮಾರು ಇಂಥ ಕಾಲದ್ದು ಎಂದು ಹೇಳಿಬಿಡುತ್ತಾನೆ. ನೋಡುವವರಿಗೆ ಅದು ಗಾರುಡಿಯಂತೆ ತೋರಬಹುದು. ಗಾರುಡಿಯಲ್ಲ, ಅದು ಓದು.

ಕನ್ನಡ ಪಾಠ ಹೇಳುವವನಿಗೆ ಕತ್ತಿಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ತೇದಿಯಿಲ್ಲದ ಶಾಸನವೊಂದರ ಕಾಲವನ್ನು ಅಕ್ಷರಗಳ ಮಾಟದಿಂದ, ತಲೆಕಟ್ಟಿನ ರೀತಿಯಿಂದ ಊಹಿಸುವುದು ನಮ್ಮ ಕಸುಬಿನವರಿಗೆ ಹೊಸದಲ್ಲ. ಮೊರೋ ಕತ್ತಿಯ ಮೇಲೆ ಸಾಮಾನ್ಯವಾಗಿ ಕಮ್ಮಾರನ ಹೆಸರಿಲ್ಲ, ವರ್ಷವಿಲ್ಲ. ಆದರೂ ಅದರ ಮೈಯೆಲ್ಲ ಅಕ್ಷರವೇ. ಕಬ್ಬಿಣದಲ್ಲಿ ಒಂದು ಗೆರೆ ಎತ್ತ ಬಾಗಿದೆ, ಬೆಳ್ಳಿಯ ಪಟ್ಟಿ ಹೇಗೆ ಕೂತಿದೆ, ಬೆತ್ತದ ಸುತ್ತು ಎಲ್ಲಿ ಸವೆದಿದೆ ಎಂಬುವೇ ಅಲ್ಲಿನ ತಲೆಕಟ್ಟು, ಕೊಂಬು, ದೀರ್ಘಗಳು.

ಮೊದಲು ಹೆಸರಿನ ಮಾತು. ತಮ್ಮ ದೇಶದಲ್ಲಿ ತಾವು ಸೆಣಸಿದ್ದ ಉತ್ತರ ಆಫ್ರಿಕದ ಮೂರ್ ಮುಸಲ್ಮಾನರ ನೆನಪಿನಿಂದ ಸ್ಪೇನಿನವರು ಈ ಜನರನ್ನೂ ಮೊರೋ ಎಂದು ಕರೆದರು. ಬೈಗುಳದಂತೆ ಹುಟ್ಟಿದ ಆ ಮಾತನ್ನು ಈಗ ಆ ಜನರೇ ಹೆಮ್ಮೆಯಿಂದ ಧರಿಸಿಕೊಂಡಿದ್ದಾರೆ. 2019ರಲ್ಲಿ ಸ್ಥಾಪಿತವಾದ ಅವರ ಸ್ವಯಮಾಡಳಿತದ ಪ್ರದೇಶಕ್ಕೆ ಬಂಗ್ಸಾಮೊರೋ ಎಂದು ಹೆಸರು; ಇದರಲ್ಲಿನ 'ಬಂಗ್ಸಾ' ಎಂಬುದು ಮಲಯ ಭಾಷೆಯ ಮೂಲಕ ಹೋದ ನಮ್ಮ ಸಂಸ್ಕೃತದ 'ವಂಶ' ಶಬ್ದವೇ ಆಗಿದೆ. ಲಾನಾವೋ ಸರೋವರದ ದಡದ ಮರನಾವೋ ಜನರಲ್ಲಿ ರಾಮಾಯಣದ ಒಂದು ಕಥೆಯೂ ಉಂಟು. ಅಲ್ಲಿ ರಾವಣ 'ಮಹಾರಾಡಿಯಾ ಲಾವಾನಾ'. ರಾಮನ ಹೆಸರು ಮಂಗಂದಿರಿ. ಲಕ್ಷ್ಮಣನ ಹೆಸರು ಮಾತ್ರ ಹೇಗೋ ಜಾರಿ ಕಪಿವೀರನಿಗೆ ಹೋಗಿ ಸೇರಿದೆ! ಹ್ವಾನ್ ಫ್ರಾನ್ಸಿಸ್ಕೋ ಎಂಬ ಫಿಲಿಪ್ಪೀನ್ ವಿದ್ವಾಂಸರು 1969ರಲ್ಲಿ ಇದನ್ನು ಪ್ರಕಟಿಸಿದರು. ಕತ್ತಿಯ ಹಿಡಿಯ ಮೇಲೂ ಮನೆಯ ತೊಲೆಯ ಮೇಲೂ ಇವರು ಕೊರೆಯುವ ಸರ್ಪಾಕೃತಿಗೆ 'ನಾಗಾ' ಎಂದೇ ಹೆಸರು. ಆದುದರಿಂದ ಈ ಕತ್ತಿಗಳನ್ನು ನೋಡುವಾಗ ನಾವು ತೀರ ಪರಕೀಯರ ಮನೆಗೆ ಹೊಕ್ಕಂತಾಗುವುದಿಲ್ಲ.

ಮೊರೋ ಎಂಬುದು ಒಂದೇ ಕುಲವಲ್ಲ. ಸೂಲೂ ದ್ವೀಪಗಳಲ್ಲಿ ತೌಸುಗರೂ ಸಾಮರೂ, ಬಾಸಿಲಾನ್ ದ್ವೀಪದಲ್ಲಿ ಯಾಕನರು, ಮಿಂಡನಾವೋವಿನಲ್ಲಿ ಮಗಿಂಡನಾವೋ, ಮರನಾವೋ, ಇರಾನೂನ್ ಜನರು. ಅವರವರ ಕೈಗೆ ಒಪ್ಪಿದ ಆಯುಧ ಬೇರೆ ಬೇರೆ. ಎಲ್ಲರಿಗೂ ಸಾಮಾನ್ಯವಾದುದು, ಎಲ್ಲಕ್ಕಿಂತ ಹೆಸರಾದುದು, ಕ್ರಿಸ್. ತೌಸುಗರು ಅದನ್ನು ಕಲಿಸ್ ಎನ್ನುತ್ತಾರೆ. ಮಿಂಡನಾವೋವಿನಲ್ಲಿ ಸುಂಡಾಂಗ್ ಎಂಬ ಹೆಸರೂ ಬಳಕೆಯಲ್ಲಿದೆ.

ಕ್ರಿಸ್ ಎಂದೊಡನೆ ಜಾವಾ ದ್ವೀಪದ ಪುಟ್ಟ ಕಠಾರಿ ಹಲವರ ಕಣ್ಣ ಮುಂದೆ ಬರುತ್ತದೆ. ಮೊರೋ ಕ್ರಿಸ್ ಅದೇ ವಂಶದ್ದಾದರೂ ಬೆಳೆದು ಗಂಡಾಳಾದ ಮಗ. ಜಾವಾದ್ದು ಇರಿಯುವ ಆಯುಧ. ಅದರ ಹಿಡಿ ಅಲಗಿಗೆ ಓರೆಯಾಗಿ ಬಾಗಿರುತ್ತದೆ. ಮೊರೋಗಳದು ಇರಿಯುವುದಕ್ಕೂ ಆಯಿತು, ಮುಖ್ಯವಾಗಿ ಕಡಿಯುವುದಕ್ಕೂ ಆಯಿತು. ಎರಡೂ ಕಡೆ ಬಾಯಿ. ಅಲಗಿನ ಉದ್ದ ಒಂದೂವರೆ ಅಡಿಯಿಂದ ಎರಡಡಿಯವರೆಗೆ. ಹಿಡಿ ಅಲಗಿನ ನೇರಕ್ಕೇ ನಿಂತಿರುತ್ತದೆ. ಹಿಡಿಯೊಳಕ್ಕೆ ಹೊಗುವ ಕಬ್ಬಿಣದ ಬಾಲ ಜಾವಾದ್ದರಲ್ಲಿ ದುಂಡು, ಇದರಲ್ಲಿ ಚೌಕ. ಕಾರಣ ಸರಳವಾದುದು: ದುಂಡಾದ ಬಾಲವಿದ್ದರೆ ಬಲವಾಗಿ ಕಡಿದಾಗ ಹಿಡಿ ಅಂಗೈಯಲ್ಲಿ ತಿರುಗಿಬಿಡುತ್ತದೆ. ತಿರುಗಿದ ಕತ್ತಿಯನ್ನು ಹಿಡಿದವನ ಗತಿ ಹೇಳಬೇಕಾದುದಿಲ್ಲ.

ಕ್ರಿಸ್ಸಿನ ಅಲಗೆಲ್ಲ ಹಾವಿನಂತೆ ಬಳುಕಿರಬೇಕೆಂಬುದು ಜನಜನಿತವಾದ ಕಲ್ಪನೆ. ಹಾಗೇನೂ ಇಲ್ಲ. ಪೂರ್ತಿ ಅಲೆಯಾಗಿರುವುದುಂಟು, ಹಿಡಿಯ ಬಳಿ ಅಲೆಯಾಗಿ ಮುಂದೆ ನೇರವಾಗುವುದುಂಟು, ಆದ್ಯಂತ ನೇರವಾಗಿರುವುದೂ ಉಂಟು. ನೇರವಾದುದು ಕೀಳೆಂದು ತಿಳಿಯಬಾರದು. ಕಾದುವವನು ಅದನ್ನೇ ಮೆಚ್ಚುತ್ತಿದ್ದಿರಬಹುದು. ಅಲೆಗಳ ಸಂಖ್ಯೆಯನ್ನು ಎಣಿಸಿ ಬೆಲೆ ಕಟ್ಟುವ ಅಂಗಡಿಯವರನ್ನು ನಂಬಿ ಹೊಸಬರು ಹಣ ಕಳೆದುಕೊಳ್ಳುತ್ತಾರೆ. ನಿಜವಾಗಿ ನೋಡಬೇಕಾದುದು ಅಲಗಿನ ನಡುವನ್ನಲ್ಲ, ಬುಡವನ್ನು.

ಅಲ್ಲಿ, ಹಿಡಿಗೆ ತಗುಲಿದ ಹಾಗೆ, ಅಲಗು ಒಮ್ಮೆಲೇ ಅಗಲವಾಗಿ ಎರಡು ಪಕ್ಕಕ್ಕೂ ಚಾಚಿಕೊಳ್ಳುತ್ತದೆ. ಒಂದು ಪಕ್ಕದಲ್ಲಿ ಆನೆಯ ಸೊಂಡಿಲಿನಂತೆ ಸುರುಳಿಗೊಂಡ ಕೆತ್ತನೆ, ಇನ್ನೊಂದು ಪಕ್ಕದಲ್ಲಿ ಗರಗಸದ ಹಲ್ಲಿನಂತಹ ಕಚ್ಚುಗಳು. ಈ ಅಗಲವಾದ ಭಾಗಕ್ಕೆ ಗಂಗ್ಯಾ ಎಂದು ಹೆಸರು. ಹಳೆಯ ಕ್ರಿಸ್ಸುಗಳಲ್ಲಿ ಇದು ಪ್ರತ್ಯೇಕವಾದ ತುಂಡು. ಅಲಗನ್ನು ಬೇರೆ ಬಡಿದು, ಗಂಗ್ಯಾವನ್ನು ಬೇರೆ ಬಡಿದು, ಎರಡನ್ನೂ ಕೂದಲೆಳೆಯಷ್ಟು ಸಂದೂ ಉಳಿಯದಂತೆ ಕೂಡಿಸುತ್ತಿದ್ದರು. ಕೂಡಿಸಿದ ಆ ಗೆರೆಯೇ ಕಾಲವನ್ನು ಹೇಳುವ ಗೆರೆ. 18ನೆಯ ಶತಮಾನದವೆಂದು ಎಣಿಸುವ ಪ್ರಾಚೀನ ಅಲಗುಗಳಲ್ಲಿ ಅದು ಅಡ್ಡಡ್ಡಲಾಗಿ ನೇರಕ್ಕೆ ಓಡುತ್ತದೆ. ಅಲಗೂ ಚಿಕ್ಕದು, ಆಡಂಬರವೂ ಕಡಿಮೆ. 19ನೆಯ ಶತಮಾನ ಮುಂದುವರಿದಂತೆ ಗೆರೆಯ ಒಂದು ತುದಿ ಓರೆಯಾಗಿ ಇಳಿಯತೊಡಗಿ, ಕಡೆಗೆ ಅರ್ಧ ಲಂಬಕೋನದಷ್ಟು ಬಾಗುತ್ತದೆ. 20ನೆಯ ಶತಮಾನಕ್ಕೆ ಬಂದರೆ ಬೇರೆ ತುಂಡು ಮಾಯವಾಗಿ, ಒಂದೇ ಅಲಗಿನ ಮೇಲೆ ಗೆರೆಯನ್ನು ಮಾತ್ರ ಕೊರೆದಿರುತ್ತಾರೆ. ಎರಡನೆಯ ಮಹಾಯುದ್ಧದ ಆಚೀಚೆಗೆ ಆ ಕೊರೆದ ಗೆರೆಯೂ ಇಲ್ಲ. ಶ್ರಮ ಹೋಗಿ ಶ್ರಮದ ನೆನಪು ಉಳಿಯಿತು, ಆಮೇಲೆ ನೆನಪೂ ಹೋಯಿತು ಎನ್ನಬೇಕು. ಇದು ಸ್ಥೂಲವಾದ ನಿಯಮ. ಹಳ್ಳಿಯ ಕಮ್ಮಾರನೊಬ್ಬ ತಾತನ ಪದ್ಧತಿಯನ್ನೇ ಬಿಡದೆ ಹಿಡಿದಿದ್ದರೆ ನಿಯಮ ಅವನನ್ನು ಕಟ್ಟಲಾರದು. ಆದರೂ ಭೂತಗನ್ನಡಿ ಹಿಡಿದು ಗೆರೆ ನಿಜವಾದ ಸಂದೋ ಕೊರೆದ ಗೀಟೋ ಎಂದು ನೋಡಬಲ್ಲವನು ಅರ್ಧ ಪರೀಕ್ಷೆಯಲ್ಲಿ ಗೆದ್ದಂತೆ.

ಇನ್ನರ್ಧ ಪರೀಕ್ಷೆ ಹಿಡಿಯದು. ಅಲಗನ್ನೂ ಹಿಡಿಯನ್ನೂ ಬಿಗಿದು ಕಟ್ಟುವ ಲೋಹದ ಪಟ್ಟಿಯೊಂದುಂಟು, ಅಸಾಂಗ್ ಅಸಾಂಗ್ ಎಂದು ಅದರ ಹೆಸರು. ಒಂದಿರಬಹುದು, ಎರಡಿರಬಹುದು, ಕಬ್ಬಿಣ, ತಾಮ್ರ, ಹಿತ್ತಾಳೆ, ಬೆಳ್ಳಿ ಯಾವುದಾದರೂ ಆಗಿರಬಹುದು. ಹಿಡಿ ಅಲಗಿನ ಬಾಲಕ್ಕೆ ರಾಳದಿಂದ ಅಂಟಿರುವುದರಿಂದ ಏಟಿನ ಭರಕ್ಕೆ ಕಳಚದಂತೆ ಈ ಪಟ್ಟಿ ಕಾಯುತ್ತದೆ. ಪ್ರವಾಸಿಗಳಿಗೆಂದು ಮಾಡಿದ ಕತ್ತಿಗಳಲ್ಲಿ ಒಂದೋ ಇದು ಇರುವುದೇ ಇಲ್ಲ, ಇದ್ದರೆ ಅಲಂಕಾರಕ್ಕೆ ಅಂಟಿಸಿದ ತಗಡು. ಹಿಡಿಯ ತಲೆ ಕಾಕಟೂ ಗಿಣಿಯ ಜುಟ್ಟು ಕೊಕ್ಕುಗಳ ಮಾಟದ್ದು. ಸಾಮಾನ್ಯ ಯೋಧನಿಗೆ ಚಿಕ್ಕ ಮರದ ತಲೆ ಸಾಕು. ದಾತು ಎಂಬ ನಾಯಕರಿಗೆ ದಂತದಲ್ಲಿಯೋ ಬೆಳ್ಳಿಯಲ್ಲಿಯೋ ಅಂಗೈ ಮೀರಿ ಚಾಚುವ ದೊಡ್ಡ ತಲೆ, ಅದಕ್ಕೆ ಜುಂಗಾಯಾನ್ ಎಂದು ಹೆಸರು. ಅಂತಹ ಕತ್ತಿಯನ್ನು ಕೈಯಲ್ಲಿ ಹಿಡಿದು ಕಾದಿದವರಿಗಿಂತ ಸಭೆಯಲ್ಲಿ ಸೊಂಟಕ್ಕೆ ಸಿಕ್ಕಿಸಿ ಕುಳಿತವರೇ ಹೆಚ್ಚೆಂದು ನನ್ನ ಎಣಿಕೆ. ಹಣವಂತ ಸಂಗ್ರಾಹಕರು ಮೊದಲು ಕೈ ಹಾಕುವುದು ಇವಕ್ಕೇ. ನನಗೆ ಮಾತ್ರ ಬೆವರಿನಿಂದ ಕಪ್ಪಾದ ಮರದ ಹಿಡಿಯ, ಬೆತ್ತದ ಸುತ್ತು ಒಂದು ಕಡೆ ಹೆಚ್ಚು ಸವೆದ ಬಡ ಕ್ರಿಸ್ ಹೆಚ್ಚಿನದೆನಿಸುತ್ತದೆ. ಅದರಲ್ಲಿ ಒಬ್ಬ ಮನುಷ್ಯನ ಕೈ ಇದೆ.

ಅಲಗಿನ ಒಡಲೊಳಗೆ ಇನ್ನೊಂದು ಸಾಕ್ಷಿ ಅಡಗಿದೆ. ಉತ್ತಮ ಕಮ್ಮಾರರು ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಪದರ ಪದರವಾಗಿ ಕಾಸಿ ಬಡಿದು ಒಂದುಗೂಡಿಸುತ್ತಿದ್ದರು. ಕೆಲವು ಅಲಗುಗಳಲ್ಲಿ ಸರಳುಗಳನ್ನು ಹಗ್ಗದಂತೆ ಹುರಿಗೊಳಿಸಿ ನಡುವೆ ಸೇರಿಸಿರುವುದೂ ಉಂಟು. ಮೈ ತೊಳೆದು ಶುದ್ಧಮಾಡಿ ನಿಂಬೆಯ ರಸವನ್ನೋ ಕಾಡಿಯನ್ನೋ ಸವರಿದರೆ ಮರದ ಹಲಗೆಯ ನಾರಿನಂತೆ, ನೀರಿನ ಸುಳಿಯಂತೆ ಆ ಪದರಗಳು ಮೇಲಕ್ಕೆ ತೇಲಿಬರುತ್ತವೆ. ಯುದ್ಧಾನಂತರ ಲಾರಿ, ಜೀಪುಗಳ ಸ್ಪ್ರಿಂಗ್ ಪಟ್ಟಿಗಳಿಂದ ಬಡಿದ ಕತ್ತಿಗಳಲ್ಲಿ ಈ ನೇಯ್ಗೆ ಇಲ್ಲ. ಹಾಗೆಂದು ಅವನ್ನು ಖೋಟಾ ಎನ್ನಲಾಗದು. ಜೀಪಿನ ಸ್ಪ್ರಿಂಗಿನ ಉಕ್ಕು ಕತ್ತಿಗೆ ಬಲು ಒಳ್ಳೆಯದು. ಅವು ನಿಜವಾದ ಕತ್ತಿಗಳೇ, ಹಳೆಯವಲ್ಲ, ಅಷ್ಟೆ.

ಕ್ರಿಸ್ ಬಿಟ್ಟರೆ ಬಾರಾಂಗ್. ಇದು ಸೂಲೂ, ಬಾಸಿಲಾನ್ ಕಡೆಯ ಆಯುಧ. ನಮ್ಮ ವೀಳ್ಯದೆಲೆಯನ್ನು ಉದ್ದಕ್ಕೆ ಎಳೆದಂತೆ ಇದರ ಆಕಾರ: ಬುಡದಲ್ಲಿ ಕಿರಿದು, ನಡುವೆ ಹೊಟ್ಟೆ, ತುದಿ ಚೂಪು. ಬಾಯಿ ಒಂದೇ ಕಡೆ, ಬೆನ್ನು ದಪ್ಪ. ನೋಡಲು ಒಂದೂಕಾಲು ಅಡಿ, ಒಂದೂವರೆ ಅಡಿಯ ಸಾಧುವಾದ ಕತ್ತಿ. ಕೈಗೆತ್ತಿಕೊಂಡಾಗಲೇ ಅದರ ತೂಕ ಎಲ್ಲಿ ಕುಳಿತಿದೆಯೆಂದು ತಿಳಿಯುವುದು. ಹಿಡಿಯ ಬುಡಕ್ಕೆ ಬೆಳ್ಳಿಯ ಕೊಳವೆ, ಅದರ ಮೇಲೆ ಹೆಣೆದ ಬೆಳ್ಳಿಯ ತಂತಿ ಅಥವಾ ದಾರ, ತುದಿಗೆ ಅದೇ ಕಾಕಟೂ ತಲೆ. ಒರೆ ಎರಡು ಹಲಗೆಗಳದು, ಬೆತ್ತದಿಂದ ಸುತ್ತಿದುದು. ಕೆಲವು ಬಾರಾಂಗುಗಳ ಅಲಗಿನ ಮೇಲೆ ಚೀನೀ ಅಕ್ಷರಗಳ ಮುದ್ರೆ ಕಂಡು ಹೊಸಬರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಸೂಲೂ ಸುಲ್ತಾನರ ರಾಜಧಾನಿ ಹೋಲೋ ಚೀನದ ಹಡಗುಗಳು ಬಂದುಹೋಗುತ್ತಿದ್ದ ರೇವು. ಮುತ್ತು, ಮುತ್ತಿನ ಚಿಪ್ಪುಗಳು ಹೋಗಿ ಪಿಂಗಾಣಿ, ಕಬ್ಬಿಣ ಬರುತ್ತಿದ್ದ ಪೇಟೆ. ಆ ಮುದ್ರೆಯೂ ಅಲ್ಲಿನ ಚರಿತ್ರೆಯ ಒಂದು ಸಾಲು.

ಅಮೆರಿಕದ ಸೈನಿಕರಿಗೆ ಅತ್ಯಂತ ಭಯ ಹುಟ್ಟಿಸಿದುದು ಇದೇ ಬಾರಾಂಗ್. ಅಂಗುಲದ ನೂರರಲ್ಲಿ 38 ಭಾಗದ ಗುಂಡಿನ ರಿವಾಲ್ವರು ಓಡಿಬರುವ ಮೊರೋ ಯೋಧನನ್ನು ನಿಲ್ಲಿಸಲಾರದೆಂಬ ದೂರು ಬಂದು, ಸೈನ್ಯವು ಮೂಲೆಗೆ ಹಾಕಿದ್ದ ಹಳೆಯ 45ರ ಕೋಲ್ಟ್ ರಿವಾಲ್ವರುಗಳನ್ನು ಮತ್ತೆ ಹಂಚಿತು. 1911ರಲ್ಲಿ ಅಂಗೀಕೃತವಾದ ಹೆಸರಾಂತ ಪಿಸ್ತೂಲು ಅದೇ 45ರ ಅಳತೆಯದಾಗಲು ಈ ಅನುಭವವೂ ಒಂದು ಕಾರಣ. ಅಂಗಡಿಯ ಕಥೆಗಾರರು ಇದೊಂದೇ ಕಾರಣವೆಂದು ಸಾಧಿಸುತ್ತಾರೆ. ಅಷ್ಟು ಹೇಳಬೇಕಾದುದಿಲ್ಲ.

ಕಂಪಿಲಾನ್ ಮಿಂಡನಾವೋವಿನ ನೀಳವಾದ ಖಡ್ಗ. ಹಿಡಿ ಸೇರಿ ಮೂರಡಿಗೂ ಹೆಚ್ಚು. ಹಿಡಿಯ ಬಳಿ ಸಣ್ಣಗಿದ್ದು ತುದಿಯ ಕಡೆಗೆ ಅಗಲವಾಗುತ್ತ ಹೋಗಿ, ತುದಿಯಲ್ಲಿ ಒಂದು ಪುಟ್ಟ ಮುಳ್ಳು ಎದ್ದುನಿಂತಿರುತ್ತದೆ. ಹಿಡಿಯ ತಲೆ ಬಾಯಿ ತೆರೆದ ಮೊಸಳೆಯಂತೆ ಇಬ್ಭಾಗವಾಗಿ ಸೀಳಿದ್ದು, ಅದಕ್ಕೆ ಬಣ್ಣದ ಕೂದಲಿನ ಗೊಂಚಲು ಕಟ್ಟಿರುವುದುಂಟು. ಇದರ ಒರೆಯ ವಿಷಯ ಸ್ವಾರಸ್ಯವಾದುದು: ಎರಡು ಮರದ ಪಟ್ಟಿಗಳನ್ನು ದಾರದಿಂದ ಸಡಿಲವಾಗಿ ಕಟ್ಟಿದುದಷ್ಟೆ. ಸಮಯ ಬಂದಾಗ ಹಿರಿಯುವ ಗೋಜಿಲ್ಲ. ಒರೆಯ ಸಹಿತ ಬೀಸಿದರೆ ದಾರ ಕತ್ತರಿಸಿ ಅಲಗು ಹೊರಬರುತ್ತದೆಂದು ಹೇಳುತ್ತಾರೆ. ಅದರಿಂದಲೇ ಹಳೆಯ ಕಂಪಿಲಾನಿಗೆ ಹಳೆಯ ಒರೆ ಸಿಕ್ಕುವುದು ದುರ್ಲಭ. ಬಣ್ಣ ಬಣ್ಣದ ಕೆತ್ತನೆಯ ಭಾರಿ ಒರೆಯೊಡನೆ ಕಂಪಿಲಾನ್ ಮಾರಲು ಬಂದರೆ ಒಂದು ಹೆಜ್ಜೆ ಹಿಂದೆ ನಿಲ್ಲುವುದು ಲೇಸು. 1521ರಲ್ಲಿ ಮ್ಯಾಕ್ಟಾನ್ ದ್ವೀಪದ ದಡದಲ್ಲಿ ಮೆಗೆಲನ್ ನಾವಿಕನನ್ನು ಉರುಳಿಸಿದ್ದು ಕಂಪಿಲಾನೇ ಎಂದು ಅನೇಕರು ಬರೆಯುತ್ತಾರೆ. ಪ್ರತ್ಯಕ್ಷದರ್ಶಿಯಾದ ಪಿಗಾಫೆಟ್ಟಾ ದೊಡ್ಡದಾದ ಬಾಗುಗತ್ತಿಯೊಂದರ ಮಾತನ್ನು ಹೇಳುತ್ತಾನೆಯೇ ಹೊರತು ಈ ಹೆಸರನ್ನು ಹೇಳುವುದಿಲ್ಲ.

ಪನಾಬಾಸ್ ಎಂಬ ಇನ್ನೊಂದಿದೆ. ಮುಂದಕ್ಕೆ ಬಾಗಿದ ಭಾರವಾದ ಅಲಗು, ಬೆತ್ತ ಸುತ್ತಿದ ಉದ್ದ ಹಿಡಿ, ಕೊಡಲಿಗೂ ಕತ್ತಿಗೂ ನಡುವಣ ಜಾತಿ. ಮಾರುವವರು ಎಲ್ಲ ಪನಾಬಾಸುಗಳಿಗೂ 'ತಲೆ ಹಾರಿಸುವ ಕತ್ತಿ' ಎಂದು ಚೀಟಿ ಅಂಟಿಸುತ್ತಾರೆ. ತಲೆಗಳಿಗಿಂತ ಹೆಚ್ಚಾಗಿ ಬಿದಿರನ್ನೂ ಪೊದೆಯನ್ನೂ ಕಡಿದವೇ ಅವುಗಳಲ್ಲಿ ಬಹಳವಿರಬೇಕು. ಗುನಾಂಗ್ ಎಂಬುದು ಕ್ರಿಸ್ಸಿನ ಮರಿಯಂತಿರುವ ಕಿರುಗತ್ತಿ, ಸೊಂಟದಲ್ಲಿ ಅಡಗಿಸಿಕೊಳ್ಳುವಂಥದು. ಪ್ರವಾಸಿಗಳಿಗಾಗಿ ಹೇರಳವಾಗಿ ಮಾಡಿದುದು ಇದನ್ನೇ.

ಗೊಂದಲ ಹುಟ್ಟಿಸಿದವರಲ್ಲಿ ಮೊದಲಿಗರು ಮರಳಿಹೋದ ಸೈನಿಕರು. ಫಿಲಿಪ್ಪೀನ್ಸಿನಿಂದ ತಂದ ಹರಿತವಾದುದೆಲ್ಲ ಅವರಿಗೆ 'ಬೋಲೋ' ಅಥವಾ 'ಮೊರೋ ಕತ್ತಿ'. ಹೀಗಾಗಿ ವಿಸಾಯಾ ದ್ವೀಪಗಳ ರೈತನ ಮಚ್ಚು, ಉತ್ತರದ ಲುಜಾನ್ ಪರ್ವತಗಳ ಇಗೊರೋಟರ ಕೊಡಲಿ, ಬೋರ್ನಿಯೋ ದಯಾಕರ ಮಂಡಾವ್ ಎಲ್ಲವೂ ಮೊರೋ ಎಂಬ ಹಣೆಪಟ್ಟಿ ಕಟ್ಟಿಕೊಂಡು ತಿರುಗುತ್ತಿವೆ. ಮಂಡಾವ್ ಕತ್ತಿಗೂ ಕೂದಲಿನ ಗೊಂಚಲಿರುವುದರಿಂದ ಕಂಪಿಲಾನೆಂದು ಭ್ರಮಿಸುವುದು ಸುಲಭ. ಆದರೆ ಅದು ಗಿಡ್ಡ, ಅಲಗಿನ ಒಂದು ಮುಖ ಉಬ್ಬು, ಇನ್ನೊಂದು ತಗ್ಗು, ಹಿಡಿ ಬಹುಧಾ ಜಿಂಕೆಯ ಕೊಂಬಿನದು. ನಿಜವಾದ ಆಟಿಕೆಗಳನ್ನು ಗುರುತಿಸುವುದಂತೂ ಕಷ್ಟವಲ್ಲ. ತೆಳುವಾದ ತಗಡಿನಂಥ ಅಲಗು, ಎಂದೂ ಸಾಣೆ ಕಾಣದ ಬಾಯಿ, ಕನ್ನಡಿಯಂತೆ ಹೊಳೆಯುವ ಕ್ರೋಮಿನ ಲೇಪ, ಅಲಗಿನ ಮೇಲೆ 'ಫಿಲಿಪ್ಪೀನ್ಸ್' ಎಂದು ಕೊರೆದ ಅಕ್ಷರ. ತನ್ನ ಊರ ಹೆಸರನ್ನು ತಾನೇ ಹೇಳಿಕೊಳ್ಳುವ ಕತ್ತಿ ಆ ಊರಿನವರಿಗಾಗಿ ಮಾಡಿದುದಲ್ಲವೆಂಬುದು ಸ್ಪಷ್ಟ. ಹಳೆಯ ಅಲಗಿಗೆ ಹೊಸ ಹಿಡಿ, ಒಂದರ ಒರೆ ಇನ್ನೊಂದಕ್ಕೆ ಎಂಬ ಬೆರಕೆಗಳನ್ನು ಪತ್ತೆಹಚ್ಚುವುದು ಅದಕ್ಕಿಂತ ಕಷ್ಟ. ಆದರೆ ಇಲ್ಲೊಂದು ಎಚ್ಚರ ಬೇಕು: ಮೊಮ್ಮಗ ತಾತನ ಅಲಗಿಗೆ ತನ್ನ ಕಾಲದ ಹಿಡಿ ಹಾಕಿಸಿಕೊಳ್ಳುವುದು ಮೊರೋಗಳಲ್ಲಿಯೇ ನಡೆದುಬಂದ ಪದ್ಧತಿ. ಎಲ್ಲ ಬೆರಕೆಯೂ ಮೋಸವಲ್ಲ.

ಇಷ್ಟು ಕತ್ತಿಗಳು ತಮ್ಮ ನಾಡನ್ನು ಬಿಟ್ಟು ಹೊರಬಂದುದು ಹೇಗೆ? ಸಂಗ್ರಹಣೆಯ ಪುಸ್ತಕಗಳು ಈ ಪ್ರಶ್ನೆಯನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಕೆಲವು ಉಡುಗೊರೆಯಾಗಿ ಬಂದವು, ಕೆಲವನ್ನು ಕೊಂಡರು. ಉಳಿದವುಗಳ ಕಥೆ ಬೇರೆ. 1898ರಲ್ಲಿ ಸ್ಪೇನು ಫಿಲಿಪ್ಪೀನ್ಸನ್ನು ಎರಡು ಕೋಟಿ ಡಾಲರುಗಳಿಗೆ ಅಮೆರಿಕಕ್ಕೆ ಒಪ್ಪಿಸಿತು. ತಾನು ಎಂದೂ ಪೂರ್ತಿಯಾಗಿ ಆಳದಿದ್ದ ಮೊರೋ ನಾಡನ್ನೂ ಅದರೊಡನೆ ಸೇರಿಸಿ ಕೊಟ್ಟಿತು. 1899ರಲ್ಲಿ ಅಮೆರಿಕವು ಸೂಲೂ ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡಿತು. 1904ರಲ್ಲಿ ಅದನ್ನು ತಾನೇ ರದ್ದುಮಾಡಿತು. ತಲೆಗಂದಾಯವನ್ನೂ ಹೊಸ ಆಳ್ವಿಕೆಯನ್ನೂ ಒಪ್ಪದ ತೌಸುಗ್ ಕುಟುಂಬಗಳು ಹೋಲೋ ದ್ವೀಪದ ಬುಡ್ ದಾಹೋ ಎಂಬ ಆರಿದ ಜ್ವಾಲಾಮುಖಿಯ ಬಾಯೊಳಗೆ ಹೋಗಿ ನೆಲೆಸಿದವು. 1906ರ ಮಾರ್ಚ್ ತಿಂಗಳಲ್ಲಿ ಜನರಲ್ ಲೆನರ್ಡ್ ವುಡ್ ಅಲ್ಲಿಗೆ ಸೈನ್ಯವನ್ನೂ ಫಿರಂಗಿಗಳನ್ನೂ ಕಳುಹಿಸಿದ. ಹೆಂಗಸರು ಮಕ್ಕಳು ಸೇರಿ ಸತ್ತವರು 600ಕ್ಕೆ ಕಡಿಮೆಯಿಲ್ಲ; 900 ದಾಟಿತೆಂದು ಎಣಿಸುವವರೂ ಉಂಟು. ಹೆಣ ತುಂಬಿದ ಕಂದಕದ ಅಂಚಿನಲ್ಲಿ ಸೈನಿಕರು ನಿಂತು ತೆಗೆಸಿಕೊಂಡ ಛಾಯಾಚಿತ್ರ ಇಂದಿಗೂ ಇದೆ. ಅಮೆರಿಕದವನೇ ಆದ ಮಾರ್ಕ್ ಟ್ವೇನ್ ಇದನ್ನು ಕುರಿತು ಬರೆದ ಕಟುವಾದ ಮಾತುಗಳು ಅವನು ತೀರಿಕೊಂಡ ಮೇಲೆಯೇ ಅಚ್ಚಾದುದು.

1911ರ ಸೆಪ್ಟೆಂಬರಿನಲ್ಲಿ ಮೊರೋ ಪ್ರಾಂತದ ರಾಜ್ಯಪಾಲನಾಗಿದ್ದ ಜನರಲ್ ಪರ್ಷಿಂಗ್ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಬಂದೂಕು ಮಾತ್ರವಲ್ಲ, ಕ್ರಿಸ್, ಕಂಪಿಲಾನ್, ಈಟಿಗಳೂ ಆ ಆಜ್ಞೆಯಲ್ಲಿ ಸೇರಿದ್ದವು. 15 ಅಂಗುಲಕ್ಕಿಂತ ಕಿರಿದಾದ, ಕೆಲಸಕ್ಕಾಗಿಯೇ ಇರುವ ಕತ್ತಿಗಳಿಗೆ ಮಾತ್ರ ವಿನಾಯಿತಿ. ಹುಡುಗ ಗಂಡಸಾದನೆಂಬುದಕ್ಕೆ ಸೊಂಟದ ಕತ್ತಿಯೇ ಗುರುತಾಗಿದ್ದ ಜನರಿಗೆ ಅದು ಎಂತಹ ಮಾತಾಗಿ ಕೇಳಿಸಿರಬೇಕು! 1913ರ ಜೂನಿನಲ್ಲಿ ಬುಡ್ ಬಗ್ಸಾಕ್ ಬೆಟ್ಟದ ಮೇಲೆ ಮತ್ತೆ ನೂರಾರು ಜನ ಸತ್ತರು. ಹೀಗೆ ಒಪ್ಪಿಸಿದ ಕತ್ತಿಗಳು, ಕಸಿದ ಕತ್ತಿಗಳು, ಸತ್ತವರ ಕೈಯಿಂದ ಬಿಡಿಸಿಕೊಂಡ ಕತ್ತಿಗಳು ಹಡಗೇರಿ ಹೋದವು. ಕೆಲವು ಒರೆಗಳ ಮೇಲೆ ಇಂದಿಗೂ ಮಸಿಯಲ್ಲಿ ಬರೆದ ಊರಿನ ಹೆಸರು, ವರ್ಷ ಉಳಿದಿರುತ್ತದೆ. 'ಹೋಲೋ, 1906' ಎಂದು ಬರೆದಿರುವ ಬಾರಾಂಗನ್ನು ಮಾರುವವನು ಆ ಬರಹಕ್ಕಾಗಿ ಹೆಚ್ಚು ಬೆಲೆ ಕೇಳುತ್ತಾನೆ, ಕೊಳ್ಳುವವನು ಸಂತೋಷದಿಂದ ಕೊಡುತ್ತಾನೆ. ಆ ಎರಡು ಶಬ್ದಗಳ ಅರ್ಥವೇನೆಂದು ಇಬ್ಬರೂ ಒಂದು ಗಳಿಗೆ ನಿಂತು ಯೋಚಿಸಿದರೆ ಒಳ್ಳೆಯದು.

ಹಾಗಾದರೆ ಸಂಗ್ರಹಿಸುವುದೇ ತಪ್ಪೇ? ನಾನು ಹಾಗೆನ್ನಲಾರೆ. 1926ರಲ್ಲಿ ಹರ್ಬರ್ಟ್ ಕ್ರೀಗರ್ ಅಮೆರಿಕದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಫಿಲಿಪ್ಪೀನ್ ಆಯುಧಗಳ ಪಟ್ಟಿಯನ್ನು ಪ್ರಕಟಿಸದಿದ್ದರೆ, 1996ರಲ್ಲಿ ರಾಬರ್ಟ್ ಕೇಟೋ ಮೊರೋ ಕತ್ತಿಗಳನ್ನೇ ಕುರಿತು ಪುಸ್ತಕ ಬರೆಯದಿದ್ದರೆ, ಗಂಗ್ಯಾದ ಗೆರೆಯನ್ನು ಓದುವ ಬಗೆ ಹೊರಗಿನವರಿಗೆ ಇಷ್ಟು ತಿಳಿಯುತ್ತಿರಲಿಲ್ಲ. ಕುಲದ ಆಸ್ತಿಯಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಇಂಥ ವಸ್ತುಗಳನ್ನು ಮೊರೋಗಳು ಪುಸಾಕಾ ಎನ್ನುತ್ತಾರೆ. ಅವು ನಾಡಿನಲ್ಲಿಯೇ ಉಳಿದುದರಿಂದ ಸುರಕ್ಷಿತವಾದವೆಂದೂ ಹೇಳುವಂತಿಲ್ಲ. 2017ರಲ್ಲಿ ಮರನಾವೋಗಳ ಮರಾವಿ ನಗರವನ್ನು ಐದು ತಿಂಗಳ ಕಾಳಗ ನೆಲಸಮ ಮಾಡಿದಾಗ ಮನೆಗಳೊಂದಿಗೆ ಪುಸಾಕಾಗಳೂ ಹಾಳಾದವು, ಲೂಟಿಯಾದವು. ಇನ್ನೊಂದು ಕಡೆ, ಸಾಮಾರ್ ದ್ವೀಪದ ಬಲಂಗಿಗಾ ಚರ್ಚಿನಿಂದ 1901ರಲ್ಲಿ ಅಮೆರಿಕದ ಸೈನ್ಯ ಒಯ್ದಿದ್ದ ಮೂರು ಗಂಟೆಗಳು 2018ರ ಡಿಸೆಂಬರಿನಲ್ಲಿ ಹಿಂದಿರುಗಿ ಬಂದವು. ಅವು ಮೊರೋಗಳವಲ್ಲ, ಆದರೆ ಯುದ್ಧದಲ್ಲಿ ಒಯ್ದುದನ್ನು 117 ವರ್ಷಗಳ ಮೇಲೂ ಹಿಂದಕ್ಕೆ ಕೊಡಬಹುದೆಂಬುದು ಅದರಿಂದ ಗೊತ್ತಾಯಿತು. ಯಾವ ಗಂಟೆ ಯಾವ ಊರಿನದೆಂಬುದು ದಾಖಲೆಯಲ್ಲಿ ಉಳಿದಿದ್ದುದರಿಂದಲೇ ಅದು ಸಾಧ್ಯವಾಯಿತೆಂಬುದನ್ನು ಮರೆಯಬಾರದು. ಎಲ್ಲಿಂದ ಬಂತೆಂಬ ಗುರುತು ಕಳೆದ ಕತ್ತಿ ಯಾವ ಮನೆಗೂ ಮರಳಲಾರದು.

ಆದುದರಿಂದ ಸಂಗ್ರಾಹಕನ ಮೊದಲ ಕೆಲಸ ಉಜ್ಜುವುದಲ್ಲ, ಬರೆದಿಡುವುದು. ಯಾರಿಂದ ಬಂತು, ಅವರಿಗೆ ಯಾರಿಂದ, ಜೊತೆಯಲ್ಲಿ ಪತ್ರವಿತ್ತೇ, ಭಾವಚಿತ್ರವಿತ್ತೇ ಎಂದು ಎಲ್ಲವನ್ನೂ ಗುರುತು ಹಾಕಬೇಕು. ಕೆಂಪು ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ ಮೆಲ್ಲನೆ ತೆಗೆಯಬಹುದು. ಕಪ್ಪಾಗಿ ಗಟ್ಟಿಗೊಂಡ ಹಳೆಯ ಮೈಬಣ್ಣವನ್ನು ಮುಟ್ಟಬಾರದು. ಸಾಣೆಯ ಚಕ್ರಕ್ಕೆ ಹಿಡಿದರೆ ನೂರೈವತ್ತು ವರ್ಷದ ಅಲಗು ಅರ್ಧ ಗಂಟೆಯಲ್ಲಿ ನಿನ್ನೆಯದಾಗಿಬಿಡುತ್ತದೆ. ಸಡಿಲವಾದ ಹಿಡಿಯನ್ನು ಕಿತ್ತು ನೋಡುವ ಆಸೆಯೂ ಬೇಡ. ರಾಳ ಪುಡಿಯಾದರೆ ಹಳೆಯ ಕಟ್ಟು ಮತ್ತೆ ಬಾರದು. ಅಲಗಿಗೆ ವರ್ಷಕ್ಕೆ ಎರಡು ಮೂರು ಸಲ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಒರೆಯಿಂದ ಹಿರಿಯುವಾಗ ಒರೆಯನ್ನು ಬೆನ್ನಿನ ಕಡೆಯಿಂದ ಹಿಡಿಯಬೇಕು, ಬಾಯಿಯ ಕಡೆಗೆ ಬೆರಳುಗಳನ್ನು ಸುತ್ತಬಾರದು. ಬೆತ್ತ ಸಡಿಲವಾದ ಹಳೆಯ ಹಲಗೆಗಳ ಸಂದಿನಿಂದ ಅಲಗು ಹೊರಕ್ಕೆ ಬಂದು ಬೆರಳನ್ನು ಕುಯ್ಯುತ್ತದೆ. ಮಕ್ಕಳಿರುವ ಮನೆಯಲ್ಲಿ ಬೀಗದೊಳಗೇ ಇರಬೇಕು.

ಕಾನೂನಿನ ಮಾತನ್ನೂ ಸೇರಿಸಿಬಿಡಬೇಕು. ದಂತದ ಹಿಡಿಯಿದ್ದರೆ ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಭಾರಿ ನಿರ್ಬಂಧಗಳಿವೆ. ನಮ್ಮ ದೇಶದಲ್ಲಂತೂ ದಂತದ ವ್ಯಾಪಾರವೇ ನಿಷಿದ್ಧ. ಫಿಲಿಪ್ಪೀನ್ಸಿನಲ್ಲಿ 2010ರಿಂದ ಜಾರಿಯಲ್ಲಿರುವ ಸಾಂಸ್ಕೃತಿಕ ಪರಂಪರೆಯ ಕಾಯಿದೆ ಹಳೆಯ ವಸ್ತುಗಳು ಅಪ್ಪಣೆಯಿಲ್ಲದೆ ಹೊರಹೋಗದಂತೆ ತಡೆಯುತ್ತದೆ. ಇಲ್ಲಿಗೆ ಕತ್ತಿ ತರಿಸುವವರು 1959ರ ಆಯುಧ ಕಾಯಿದೆಯನ್ನು ಬಲ್ಲವರಿಂದ ಕೇಳಿ ತಿಳಿಯುವುದು ಮೇಲು. ಕೊಳ್ಳದೆಯೂ ಈ ವಿದ್ಯೆಯನ್ನು ಕಲಿಯಬಹುದು. ದೊಡ್ಡ ವಸ್ತುಸಂಗ್ರಹಾಲಯಗಳು ತಮ್ಮ ಕತ್ತಿಗಳ ಚಿತ್ರಗಳನ್ನು ಈಗ ಎಲ್ಲರಿಗೂ ತೆರೆದಿಟ್ಟಿವೆ. ಹತ್ತಿಪ್ಪತ್ತು ಕ್ರಿಸ್ಸುಗಳ ಬುಡವನ್ನು ಒಂದರ ಪಕ್ಕಕ್ಕೆ ಒಂದಿಟ್ಟು ನೋಡಿದರೆ ಗೆರೆ ಬಾಗಿದ ಕ್ರಮ ತಾನಾಗಿ ಕಣ್ಣಿಗೆ ಕಟ್ಟುತ್ತದೆ.

ಒರೆಯ ಮೇಲೆ ಅಂಟಿದ ಹಳದಿ ಕಾಗದದ ಚೂರು, ಅಂದಗೆಟ್ಟ ಮಸಿಯ ಬರಹ ಕಂಡರೆ ಮಾತ್ರ ಒದ್ದೆ ಬಟ್ಟೆಯನ್ನು ದೂರವಿಡಿ. ಅಕ್ಷರ ಮಾಸಿದ್ದರೆ ಬಿಸಿಲಿಗೆ ಓರೆಯಾಗಿ ಹಿಡಿದು ಛಾಯಾಚಿತ್ರ ತೆಗೆಸಿ. ಎಷ್ಟೋ ವೇಳೆ ಬರಿಗಣ್ಣಿಗೆ ಕಾಣದ ಊರಿನ ಹೆಸರು ಚಿತ್ರದಲ್ಲಿ ಮೂಡಿಬರುವುದುಂಟು.